ಕಾರಿನ ಒಳಾಂಗಣ ಪ್ಲಾಸ್ಟಿಕ್: ತರಚು ಗುರುತುಗಳು ಮತ್ತು ಅವುಗಳ ನಿವಾರಣೆ

ಕಾರಿನ ಬಾಗಿಲು, ಡ್ಯಾಶ್‌ಬೋರ್ಡ್, ಕಂಬ, ಹೊಸ್ತಿಲು, ಡಿಕ್ಕಿ ಮುಂತಾದ ಕಡೆ ಒಳಗಿನಿಂದ ಹೊದಿಸಿರುವ ಪ್ಲಾಸ್ಟಿಕ್ಕಿಗೆ ಬೂಟು, ಸೂಟ್‌ಕೇಸು, ಕೀಲಿಗೊಂಚಲು, ಸೀಟ್‌ಬೆಲ್ಟಿನ ಕೊಕ್ಕೆ, ಉಗುರು ಇವೆಲ್ಲ ಉಜ್ಜಿ ಗುರುತು ಮೂಡಿಸುತ್ತವೆ. ಇವುಗಳಲ್ಲಿ ಬಹುಪಾಲು ಪ್ಲಾಸ್ಟಿಕ್ಕಿಗೆ ಆದ ಗಾಯವೇ ಅಲ್ಲ. ಉಜ್ಜಿದ ವಸ್ತು ತನ್ನ ಒಂದಿಷ್ಟು ಅಂಶವನ್ನು ಅಲ್ಲಿ ಮೆತ್ತಿ ಹೋಗಿರುತ್ತದೆ. ಅಂಥದ್ದು ಸೋಪುನೀರಿಗೆ, ಹೆಚ್ಚೆಂದರೆ ಸ್ವಲ್ಪ ಸ್ಪಿರಿಟ್ಟಿಗೆ ಬಿಡುತ್ತದೆ. ನಿಜವಾಗಿ ಗಾಯವಾದದ್ದು ಮಾತ್ರ ಯಾವ ದ್ರವಕ್ಕೂ ಹೋಗದು. ಅದಕ್ಕೆ ಬಿಸಿ, ಭರ್ತಿ, ಬಣ್ಣ ಅಥವಾ ಬದಲಿ ಭಾಗವೇ ಗತಿ. ಎರಡನ್ನೂ ಒಂದೇ ಎಂದು ತಿಳಿದು ಥಿನ್ನರೋ ಪೆಟ್ರೋಲೋ ಪಾತ್ರೆ ತೊಳೆಯುವ ಸ್ಕ್ರಬ್ಬರೋ ಕೈಗೆ ಸಿಕ್ಕಿದ್ದರಿಂದ ತಿಕ್ಕಿದರೆ ಆಗುವ ಹಾನಿ ಮೂಲ ಗುರುತಿಗಿಂತ ದೊಡ್ಡದು, ಮತ್ತೆ ಸರಿಹೋಗದ್ದು.

ಹಿನ್ನೆಲೆ

ಎರಡನೆಯ ಮಹಾಯುದ್ಧ ಮುಗಿದ ಮರುದಶಕದ ಬಹುತೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಎಂದರೆ ಬಣ್ಣ ಬಳಿದ ಉಕ್ಕಿನ ತಗಡು. ಗೀರು ಬಿದ್ದರೆ ಬಣ್ಣಕ್ಕೆ ಬೀಳುತ್ತಿತ್ತು, ಅದೇ ಬಣ್ಣವನ್ನು ತೇಪೆಯಾಗಿ ಹಚ್ಚಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಅಪಘಾತವಾದಾಗ ಆ ತಗಡಿಗೆ ತಲೆ, ಎದೆ ಬಡಿದು ಆಗುತ್ತಿದ್ದ ಪೆಟ್ಟು ಭಯಂಕರವಾಗಿತ್ತು. ಫೋರ್ಡ್ ಕಂಪನಿ 1956ರ ಮಾದರಿಗಳಿಗೆ ಮೆತ್ತೆ ಹಾಕಿದ ಡ್ಯಾಶ್‌ಬೋರ್ಡನ್ನು ಹೆಚ್ಚುವರಿ ಬೆಲೆಗೆ ಕೊಡತೊಡಗಿತು. ಕಾರುಗಳ ಸುರಕ್ಷತೆಯನ್ನು ಪ್ರಶ್ನಿಸಿದ ರಾಲ್ಫ್ ನೇಡರ್ ಅವರ ಪುಸ್ತಕ 1965ರಲ್ಲಿ ಬಂತು. 1968ರಿಂದ ಅಮೆರಿಕದಲ್ಲಿ ಕಾರಿನ ಒಳಮೈ ಪೆಟ್ಟನ್ನು ಎಷ್ಟು ತಾಳಬೇಕು, ಎಷ್ಟು ಹೀರಬೇಕು ಎಂಬುದಕ್ಕೆ ನಿಯಮವೇ ಬಂತು. ಒಳಾಂಗಣಕ್ಕೆ ಪ್ಲಾಸ್ಟಿಕ್ ಬಂದದ್ದು ಅಗ್ಗ, ಹಗುರ ಎಂಬ ಕಾರಣಕ್ಕೆ ಹೌದು, ಜೀವ ಉಳಿಸುವ ಕಾರಣಕ್ಕೂ ಹೌದು.

ಇಂದು ಕಾರಿನೊಳಗೆ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಪಾಲಿಪ್ರೊಪಿಲೀನನ್ನು ಇಟಲಿಯ ಜೂಲಿಯೊ ನಟ್ಟಾ 1954ರಲ್ಲಿ ಸ್ಫಟಿಕರೂಪದಲ್ಲಿ ತಯಾರಿಸಿದರು. ಜರ್ಮನಿಯ ಕಾರ್ಲ್ ಜೀಗ್ಲರ್ ಜೊತೆಗೆ 1963ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಭಾರತದಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ ಒಳಾಂಗಣ ಮಧ್ಯಮ ವರ್ಗದ ಮನೆಗಳಿಗೆ ಪರಿಚಿತವಾಯಿತು. ತಗಡಿಗೆ ಬಣ್ಣ ಬಳಿಯುವ ಅಭ್ಯಾಸವಿದ್ದ ಕೈಗಳಿಗೆ ಈ ಹೊಸ ವಸ್ತುವಿನ ಗೀರು ಬೇರೆಯೇ ಸಮಸ್ಯೆಯಾಯಿತು.

ವಸ್ತು ಮತ್ತು ಮೇಲ್ಮೈ

ಬಾಗಿಲಿನ ಕೆಳಭಾಗ, ಕಂಬಗಳ ಹೊದಿಕೆ, ಹೊಸ್ತಿಲ ಪಟ್ಟಿ, ಡಿಕ್ಕಿಯ ಪಕ್ಕೆಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನಿನವು. ಬರಿಯ ಪಾಲಿಪ್ರೊಪಿಲೀನ್ ಚಳಿಗೆ ಸೆಡೆತು ಒಡೆಯುತ್ತದೆಂದು ಅದಕ್ಕೆ ರಬ್ಬರ್ ಬೆರೆಸುತ್ತಾರೆ. ಬಿಸಿಗೆ ಸೊಟ್ಟಗಾಗಬಾರದೆಂದು ಟಾಲ್ಕ್ ಪುಡಿ ಸೇರಿಸುತ್ತಾರೆ. ಗೇರಿನ ಸುತ್ತಲಿನ ಚೌಕಟ್ಟು, ಎಸಿ ಗಾಳಿಕಿಂಡಿ, ಸ್ವಿಚ್ಚುಗಳ ಫಲಕ ಇವು ಹೆಚ್ಚಾಗಿ ಎಬಿಎಸ್ ಎಂಬ ಪ್ಲಾಸ್ಟಿಕ್ ಅಥವಾ ಎಬಿಎಸ್ ಮತ್ತು ಪಾಲಿಕಾರ್ಬೊನೇಟ್ ಮಿಶ್ರಣ. ಮೆತ್ತನೆಯ ಡ್ಯಾಶ್‌ಬೋರ್ಡಿನ ಮೇಲೆ ಫೋಮಿಗೆ ಅಂಟಿಸಿದ ಪಿವಿಸಿ ಅಥವಾ ಅಂಥದೇ ತೊಗಲು ಇರುತ್ತದೆ. ವೇಗಮಾಪಕದ ಮೇಲಿನ ಪಾರದರ್ಶಕ ಹೊದಿಕೆ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್. ದುಬಾರಿ ಕಾರುಗಳಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಮಖಮಲ್ಲಿನ ಸ್ಪರ್ಶ ಕೊಡುವ ಪಾಲಿಯುರೆಥೇನ್ ಲೇಪವೂ ಇರಬಹುದು.

ಯಾವುದು ಯಾವುದೆಂದು ಊಹಿಸಬೇಕಿಲ್ಲ. ಭಾಗವನ್ನು ಕಳಚಿ ಹಿಂದೆ ನೋಡಿದರೆ ಎರಡು ಬಾಣದ ತಲೆಗಳ ನಡುವೆ ಅಚ್ಚಾದ ಅಕ್ಷರಗಳಿರುತ್ತವೆ: ‘ಪಿಪಿ’, ‘ಎಬಿಎಸ್’, ‘ಪಿಸಿ+ಎಬಿಎಸ್’. ‘ಪಿಪಿ’ಯ ಮುಂದೆ ‘ಟಿ20’ ಎಂದಿದ್ದರೆ ಶೇ 20ರಷ್ಟು ಟಾಲ್ಕ್ ಇದೆ ಎಂದರ್ಥ. ಮರುಬಳಕೆ ಮಾಡುವವರಿಗೆ ವಸ್ತು ತಿಳಿಯಲಿ ಎಂದು ಅಂತರರಾಷ್ಟ್ರೀಯ ಮಾನಕದಂತೆ ಹಾಕುವ ಈ ಗುರುತು ಕಲೆ ತೆಗೆಯುವವರಿಗೂ ಬಹಳ ಉಪಯೋಗಿ. ಯಾವ ರಾಸಾಯನಿಕ ತಾಗಿಸಬಹುದು, ಯಾವುದನ್ನು ಹತ್ತಿರಕ್ಕೂ ತರಬಾರದು ಎಂಬುದೆಲ್ಲ ಆ ಎರಡು ಮೂರು ಅಕ್ಷರಗಳಲ್ಲಿದೆ.

ವಸ್ತುವಿನಷ್ಟೇ ಮುಖ್ಯವಾದದ್ದು ಅದರ ಮೇಲಿನ ಗ್ರೇನ್. ಉಕ್ಕಿನ ಅಚ್ಚಿನ ಒಳಮೈಯನ್ನು ಆಮ್ಲದಿಂದ ಕೊರೆದು ತೊಗಲಿನ ಸುಕ್ಕಿನಂಥ ಅಥವಾ ಮರಳಿನಂಥ ಸೂಕ್ಷ್ಮ ವಿನ್ಯಾಸ ಮಾಡಿರುತ್ತಾರೆ. ಕರಗಿದ ಪ್ಲಾಸ್ಟಿಕ್ ಅದನ್ನೇ ತನ್ನ ಮೈಮೇಲೆ ತಳೆಯುತ್ತದೆ. ಒಳಾಂಗಣ ಮಿರುಗದೆ, ಗಾಜಿನಲ್ಲಿ ಪ್ರತಿಫಲಿಸದೆ, ಹಿತವಾಗಿ ಕಾಣುವುದು ಈ ಗ್ರೇನಿನಿಂದ. ಲೋಹದ ಗೀರನ್ನು ಸುತ್ತಲೂ ತಿಕ್ಕಿ ಸಮ ಮಾಡಿ ಪಾಲಿಷ್ ಮಾಡುವಂತೆ ಇದನ್ನು ಮಾಡಲಾಗದು. ತಿಕ್ಕಿದಷ್ಟೂ ಗ್ರೇನಿನ ದಿಬ್ಬಗಳು ಸವೆದು, ಗೀರಿದ್ದ ಜಾಗದಲ್ಲಿ ಅಂಗೈಯಗಲದ ಹೊಳೆಯುವ ಬೋಳು ಉಳಿಯುತ್ತದೆ. ಕಾರಿನ ಹೊರಮೈಯ ಪಾಲಿಷನ್ನು ಒಳಗೆ ಬಳಸುವವರು ಮಾಡುವ ತಪ್ಪು ಇದೇ. ಪಾಲಿಷಿನ ಬಿಳಿ ಪುಡಿ ಗ್ರೇನಿನ ತಗ್ಗುಗಳಲ್ಲಿ ಒಣಗಿ ಕೂರುವುದು ಅದರ ಮೇಲಿನ ತೊಂದರೆ.

ಗುರುತಿನ ಪತ್ತೆ

ಕಪ್ಪು ಪ್ಲಾಸ್ಟಿಕ್ಕಿಗೆ ಮೇಲೆ ಬಣ್ಣವಿಲ್ಲ. ಮೇಲಿಂದ ಕೆಳಗಿನವರೆಗೆ ಅದು ಕಪ್ಪೇ. ಆದರೂ ಕೀಲಿ ತಾಗಿದ ಗೀರು ಬೆಳ್ಳಗೆ ಕಾಣುತ್ತದೆ. ಇದಕ್ಕೆ ಕಾರಣ ಬೆಳಕು. ಗೀರಿದಲ್ಲಿ ಮೇಲ್ಮೈ ಹರಿದು ಸಾವಿರಾರು ಸೂಕ್ಷ್ಮ ಅಂಚುಗಳಾಗುತ್ತವೆ, ಟಾಲ್ಕಿನ ಕಣ ಮತ್ತು ರಬ್ಬರಿನ ಹನಿಗಳ ಸುತ್ತ ಪ್ಲಾಸ್ಟಿಕ್ ಬಿಟ್ಟುಕೊಂಡು ಟೊಳ್ಳುಗಳಾಗುತ್ತವೆ. ಬಿದ್ದ ಬೆಳಕೆಲ್ಲ ಅಲ್ಲಿ ಚದುರಿ ಕಣ್ಣಿಗೆ ಬಿಳಿಯಾಗಿ ಬರುತ್ತದೆ. ಕಾರು ತಯಾರಕರೂ ಗೀರನ್ನು ಅಳೆಯುವುದು ಹೀಗೆಯೇ. ಫೋಕ್ಸ್‌ವ್ಯಾಗನ್ ಕಂಪನಿಯ ಪಿವಿ 3952 ಎಂಬ ಪರೀಕ್ಷೆಯಲ್ಲಿ 1 ಮಿಲಿಮೀಟರ್ ಮೊನೆಯನ್ನು 10 ನ್ಯೂಟನ್ ಬಲದಿಂದ ಒತ್ತಿ ಅಡ್ಡಡ್ಡ ಉದ್ದುದ್ದ ಗೆರೆ ಎಳೆದು, ಆ ಜಾಗ ಮೊದಲಿಗಿಂತ ಎಷ್ಟು ಬಿಳಿಚಿತು ಎಂದು ಉಪಕರಣದಿಂದ ನೋಡುತ್ತಾರೆ.

ಇದರಿಂದ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹುಟ್ಟುತ್ತದೆ. ಬೆರಳನ್ನು ನೀರಲ್ಲಿ ಅದ್ದಿ ಗುರುತಿನ ಮೇಲೆ ಸವರಬೇಕು. ಒದ್ದೆಯಾದೊಡನೆ ಗುರುತು ಮಾಯವಾಗಿ, ಆರಿದೊಡನೆ ಮತ್ತೆ ಮೂಡಿದರೆ ಅದು ಗಾಯ. ಗೀರಿನ ತಗ್ಗುಗಳಲ್ಲಿ ಗಾಳಿಯ ಬದಲು ನೀರು ತುಂಬಿದಾಗ ಬೆಳಕು ಚದುರುವುದು ಕಡಿಮೆಯಾಗುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33, ಪಾಲಿಪ್ರೊಪಿಲೀನಿನದು ಸುಮಾರು 1.49, ಗಾಳಿಯದು 1. ಒದ್ದೆಯಾದರೂ ಗುರುತು ಹಾಗೇ ಇದ್ದರೆ ಅದು ಮೇಲೆ ಮೆತ್ತಿದ ಬೇರೆ ವಸ್ತು ಎಂದು ಬಹುಮಟ್ಟಿಗೆ ನಂಬಬಹುದು.

ಮೊಬೈಲಿನ ಟಾರ್ಚನ್ನು ಪ್ಲಾಸ್ಟಿಕ್ಕಿಗೆ ಸಮಾಂತರವಾಗಿ ಹಿಡಿದು ನೋಡುವುದು ಇನ್ನೊಂದು ಉಪಾಯ. ಬಾಗಿಲಿನ ಕೆಳಗೆ ಬೂಟಿನ ತುದಿ ತಾಗಿ ಆದ ಕಪ್ಪು ಗೆರೆಯನ್ನು ಹೀಗೆ ನೋಡಿದರೆ ಕಪ್ಪು ಗ್ರೇನಿನ ದಿಬ್ಬಗಳ ತುದಿಯಲ್ಲಷ್ಟೇ ಕೂತಿರುವುದು, ತಗ್ಗುಗಳೆಲ್ಲ ಸ್ವಚ್ಛವಾಗಿರುವುದು ಸ್ಪಷ್ಟವಾಗಿ ಕಾಣುತ್ತದೆ. ಅದು ಬೂಟಿನ ಅಟ್ಟೆಯ ರಬ್ಬರು, ಮತ್ತು ಆ ರಬ್ಬರಿಗೆ ಬೆರೆಸಿದ ಇಂಗಾಲದ ಮಸಿ. ಬ್ಯಾಡ್ಮಿಂಟನ್ ಅಂಗಳದಲ್ಲಿ ‘ನಾನ್‌ಮಾರ್ಕಿಂಗ್’ ಶೂ ಹಾಕಿಕೊಂಡೇ ಬನ್ನಿ ಎಂದು ಒತ್ತಾಯಿಸುವುದು ಇಂಥದೇ ಗುರುತು ನೆಲಕ್ಕೆ ಆಗಬಾರದೆಂದು. ಭಾರತೀಯ ಕಾರುಗಳಲ್ಲಿ ಜನಪ್ರಿಯವಾದ ಬೀಜ್ ಬಣ್ಣದ ಒಳಾಂಗಣದಲ್ಲಿ ಈ ರಬ್ಬರಿನ ಗುರುತೇ ಎದ್ದು ಕಾಣುತ್ತದೆ. ಕಪ್ಪು ಒಳಾಂಗಣದಲ್ಲಿ ಅದು ಅಡಗಿ, ಬಿಳಿಚಿದ ಗೀರು ಎದ್ದು ಕಾಣುತ್ತದೆ.

ಜಾಗವೂ ಸುಳಿವು ಕೊಡುತ್ತದೆ. ಸ್ಟೇರಿಂಗ್ ಕಂಬದ ಕೆಳಹೊದಿಕೆಯಲ್ಲಿ, ಕೀಲಿ ತೂರಿಸುವ ಕಡೆ, ಕಮಾನಿನಾಕಾರದ ಸಣ್ಣ ಬಿಳಿ ಗೆರೆಗಳ ಗುಂಪಿದ್ದರೆ ಅದು ಗೊಂಚಲಿನ ಉಳಿದ ಕೀಲಿಗಳು ಕಾರು ಓಡುವಾಗೆಲ್ಲ ತೂಗಾಡಿ ಕೊರೆದದ್ದು. ಮುಂದಿನ ಸೀಟಿನ ಬೆನ್ನಿಗೆ ಮಕ್ಕಳ ಬೂಟು, ನಡುಗಂಬಕ್ಕೆ ಸೀಟ್‌ಬೆಲ್ಟಿನ ಕೊಕ್ಕೆ, ಡಿಕ್ಕಿಯ ಅಂಚಿಗೆ ಸೂಟ್‌ಕೇಸಿನ ಗಾಲಿ ಮತ್ತು ಗ್ಯಾಸ್ ಸಿಲಿಂಡರಿನ ತಳ ಕಾರಣವಾಗಿರುತ್ತವೆ.

ಸೋಪುನೀರಿನಿಂದ ಆರಂಭ

ಮೊದಲ ಕೆಲಸ ದೂಳು ತೆಗೆಯುವುದು. ರಸ್ತೆಯ ದೂಳಿನಲ್ಲಿ ಸ್ಫಟಿಕ ಶಿಲೆಯ ಕಣಗಳಿರುತ್ತವೆ; ಮೋಸ್ ಮಾಪನದಲ್ಲಿ ಅದರ ಗಡಸುತನ 7, ಅಂದರೆ ಕಿಟಕಿಯ ಗಾಜಿಗಿಂತ ಹೆಚ್ಚು. ಅದರ ಮುಂದೆ ಪ್ಲಾಸ್ಟಿಕ್ ಏನೇನೂ ಅಲ್ಲ. ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಬೆಳಗಾದರೆ ಹಳದಿ ಬಟ್ಟೆಯಿಂದ ಡ್ಯಾಶ್‌ಬೋರ್ಡನ್ನು ಒಣಗಿದ್ದಂತೆಯೇ ಒರೆಸುವ ಶ್ರದ್ಧೆ ಮೆಚ್ಚತಕ್ಕದ್ದು, ಆದರೆ ಮೀಟರಿನ ಮೇಲಿನ ಪಾರದರ್ಶಕ ಹೊದಿಕೆ ಮಂಕಾಗುವುದು ಅದರಿಂದಲೇ. ವ್ಯಾಕ್ಯೂಮ್ ಅಥವಾ ಮೃದು ಬ್ರಷ್ಷಿನಿಂದ ದೂಳು ಸರಿಸಿದ ಮೇಲೆಯೇ ಬಟ್ಟೆ ತಾಗಿಸಬೇಕು.

ಆಮೇಲೆ ಉಗುರುಬೆಚ್ಚಗಿನ ನೀರಿಗೆ ಕಾರ್ ಶಾಂಪೂ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ನಾಲ್ಕಾರು ಹನಿ ಹಾಕಿ, ಮೈಕ್ರೋಫೈಬರ್ ಬಟ್ಟೆಯನ್ನು ಅದ್ದಿ ಹಿಂಡಿ, ಗುರುತಿನ ಮೇಲೆ ಅರೆ ನಿಮಿಷ ಒತ್ತಿ ಹಿಡಿಯಬೇಕು. ಗ್ರೇನಿನ ಒಳಗೆ ಇಳಿಯಲು ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ಅದನ್ನು ಸುತ್ತುಸುತ್ತಾಗಿ ಆಡಿಸಿ, ಕರಗಿ ಬಂದ ಕೊಳೆ ಆರುವ ಮುಂಚೆ ಒರೆಸಿ ತೆಗೆಯಬೇಕು. ದ್ರವವನ್ನು ಬಟ್ಟೆಗೆ ಹಾಕಬೇಕೇ ಹೊರತು ಪ್ಲಾಸ್ಟಿಕ್ಕಿಗೆ ನೇರವಾಗಿ ಸಿಂಪಡಿಸಬಾರದು. ಪವರ್ ವಿಂಡೋ ಸ್ವಿಚ್ಚುಗಳು ಬಾಗಿಲ ಕೈಯಾಸರೆಯಲ್ಲೇ ಇರುತ್ತವೆ, ಸಂದಿಯಲ್ಲಿ ಇಳಿದ ಸೋಪುನೀರು ಅವುಗಳ ಕಾಂಟ್ಯಾಕ್ಟನ್ನು ತಿನ್ನುತ್ತದೆ. ಬೂಟಿನ ಗುರುತುಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಹೋಗುತ್ತವೆ. ಹಟ ಹಿಡಿದ ಸಣ್ಣ ಗೆರೆಗೆ ಶಾಲಾ ಮಕ್ಕಳ ಬಿಳಿ ರಬ್ಬರು ಒಳ್ಳೆಯ ಸಾಧನ. ಹಗುರವಾಗಿ ಉಜ್ಜಿದರೆ ಮಸಿ ಸುರುಳಿಯಾಗಿ ಎದ್ದು ಬರುತ್ತದೆ.

ಆಯುಧಪೂಜೆಯ ಮರುದಿನದ ಅರಿಸಿನ ಕುಂಕುಮದ ಕಲೆ ತರಚು ಗುರುತಲ್ಲವಾದರೂ ಕರ್ನಾಟಕದ ಕಾರುಗಳಲ್ಲಿ ಅದನ್ನು ಬಿಟ್ಟು ಮಾತಾಡಲಾಗದು. ಅರಿಸಿನದ ಬಣ್ಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಕ್ಷಾರ ತಾಗಿದರೆ ಕೆಂಪಾಗುತ್ತದೆ. ಸೋಪು ಹಾಕಿದೊಡನೆ ಹಳದಿ ಕಲೆ ಕೆಂಪಾದದ್ದು ಕಂಡು ಗಾಬರಿಯಾಗುವ ಕಾರಣವಿಲ್ಲ. ಅದು ಆಲ್ಕೋಹಾಲಿನಲ್ಲಿ ಕರಗುತ್ತದೆ, ಬಿಸಿಲಿಗೆ ತಾನಾಗಿಯೇ ಮಾಸುತ್ತದೆ. ಬೀಜ್ ಬಣ್ಣದ ಡ್ಯಾಶ್‌ಬೋರ್ಡಿನಲ್ಲಿ ಉಳಿದ ಹಳದಿ ನೆರಳನ್ನು ತಿಕ್ಕುವುದಕ್ಕಿಂತ ಕೆಲವು ದಿನ ಬಿಸಿಲಿಗೆ ಬಿಡುವುದು ಉತ್ತಮ.

ಸ್ಪಿರಿಟ್, ಥಿನ್ನರ್, ಫೋಮ್

ಸೋಪಿಗೆ ಬಗ್ಗದ ರಬ್ಬರಿನ ಗುರುತಿಗೆ ಸ್ಪಿರಿಟ್ಟನ್ನು, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲನ್ನು, ಸಮಪಾಲು ನೀರಿನಲ್ಲಿ ಬೆರೆಸಿ ಬಟ್ಟೆಗೆ ಹಾಕಿ ಒರೆಸಬಹುದು. ಪಾಲಿಪ್ರೊಪಿಲೀನಿಗೆ ಇದರಿಂದ ಏನೂ ಆಗದು. ಉಳಿದವುಗಳ ಮಾತು ಹಾಗಲ್ಲ. ಅಕ್ರಿಲಿಕ್ ಹೊದಿಕೆಗೆ ಆಲ್ಕೋಹಾಲ್ ತಾಗಿದರೆ ಅದರೊಳಗೆ ಅಡಗಿದ್ದ ಒತ್ತಡ ಕೂದಲೆಳೆಯ ಬಿರುಕುಗಳಾಗಿ ಹೊರಬೀಳಬಹುದು. ಮಖಮಲ್ ಲೇಪವನ್ನು ಅದು ಮೆತ್ತಗೆ ಮಾಡಿ ಎಬ್ಬಿಸುತ್ತದೆ. ಶೇ 70ರಷ್ಟು ಆಲ್ಕೋಹಾಲ್ ಇರುವ ಹ್ಯಾಂಡ್ ಸ್ಯಾನಿಟೈಸರನ್ನು 2020ರಿಂದೀಚೆ ಸ್ಟೇರಿಂಗಿಗೂ ಗೇರಿನ ಗುಂಡಿಗೂ ಧಾರಾಳವಾಗಿ ಬಳಸಿದವರ ಕಾರುಗಳಲ್ಲಿ ಇಂಥ ಲೇಪ ಬೋಳಾದದ್ದುಂಟು. ಗಾಜು ಒರೆಸುವ ಅಮೋನಿಯಾಯುಕ್ತ ದ್ರವವನ್ನು ಪಾಲಿಕಾರ್ಬೊನೇಟಿಗೂ ಟಚ್‌ಸ್ಕ್ರೀನಿಗೂ ಸೋಕಿಸಬಾರದು.

ಉಗುರುಬಣ್ಣ ತೆಗೆಯುವ ದ್ರವದಲ್ಲಿರುವ ಅಸಿಟೋನ್ ಎಬಿಎಸ್ಸನ್ನು ಕರಗಿಸಿಯೇಬಿಡುತ್ತದೆ. ಥಿನ್ನರಿನದೂ ಅದೇ ಗುಣ. ಪೆಟ್ರೋಲು ಪಾಲಿಪ್ರೊಪಿಲೀನನ್ನು ಉಬ್ಬಿಸುತ್ತದೆ, ಎಬಿಎಸ್ಸನ್ನು ಕೆಡಿಸುತ್ತದೆ, ಮುಚ್ಚಿದ ಕಾರಿನೊಳಗೆ ಅದರ ಹಬೆ ಬೆಂಕಿಗೆ ಆಹ್ವಾನ. ಗ್ಯಾರೇಜುಗಳಲ್ಲಿ ಇವು ಬೇಗ ಕೆಲಸ ಮಾಡುತ್ತವೆಂದು ಬಳಸುವುದನ್ನು ಕಾಣಬಹುದು. ಕಲೆ ಹೋದದ್ದು ಅಲ್ಲೇ ಕಾಣುತ್ತದೆ, ಪ್ಲಾಸ್ಟಿಕ್ ಬಿರುಕು ಬಿಡುವುದು ವಾರಗಳ ನಂತರ. ಸೊಳ್ಳೆ ಓಡಿಸುವ ಮುಲಾಮಿನಲ್ಲಿರುವ ಡೀಟ್ ಕೂಡ ಹಲವು ಪ್ಲಾಸ್ಟಿಕ್ಕುಗಳನ್ನು ಕರಗಿಸುವಂಥದ್ದು. ಬಾಗಿಲ ಹಿಡಿಯಲ್ಲಿ ಬೆರಳಿನ ಆಕಾರದಲ್ಲೇ ಅಂಟಾದ ಮಚ್ಚೆ ಕಂಡರೆ ಅದನ್ನು ತರಚೆಂದು ತಿಳಿದು ಉಜ್ಜುವ ಮೊದಲು ಕೈಗೆ ಏನು ಹಚ್ಚಿಕೊಳ್ಳುತ್ತೇವೆ ಎಂದು ನೆನಪಿಸಿಕೊಳ್ಳಬೇಕು.

ಮ್ಯಾಜಿಕ್ ಸ್ಪಂಜ್ ಎಂದು ಮಾರಾಟವಾಗುವ ಬಿಳಿ ತುಂಡು ಮೆಲಮೈನ್ ಫೋಮ್. ಜರ್ಮನಿಯ ಬಿಎಎಸ್ಎಫ್ ಕಂಪನಿ ಇದನ್ನು ‘ಬಾಸೊಟೆಕ್ಟ್’ ಹೆಸರಿನಲ್ಲಿ ಶಬ್ದ ಮತ್ತು ಶಾಖ ತಡೆಯಲೆಂದು ತಯಾರಿಸುತ್ತಿತ್ತು. ಕಲೆ ತೆಗೆಯುವ ಗುಣ ಆಮೇಲೆ ಪ್ರಸಿದ್ಧಿಗೆ ಬಂತು, 2003ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಅದನ್ನು ಮನೆಬಳಕೆಯ ಸರಕಾಗಿ ಮಾರುಕಟ್ಟೆಗೆ ತಂದಿತು. ಕೈಗೆ ಮೆತ್ತಗಿದ್ದರೂ ಅದರ ಸೂಕ್ಷ್ಮ ಜಾಲ ಗಡುಸು. ಅತಿ ನಯವಾದ ಉಪ್ಪುಕಾಗದದಂತೆ ಅದು ಮೇಲ್ಮೈಯನ್ನು ಕೆರೆಯುತ್ತದೆ. ಗ್ರೇನಿರುವ ಗಟ್ಟಿ ಪಾಲಿಪ್ರೊಪಿಲೀನಿನ ಮೇಲೆ, ಚೆನ್ನಾಗಿ ಒದ್ದೆ ಮಾಡಿ, ಒತ್ತಡವಿಲ್ಲದೆ ನಾಲ್ಕೈದು ಸಲ ಆಡಿಸಿದರೆ ಗುಣ ಕಾಣುತ್ತದೆ. ಹೊಳಪಿನ ಕಪ್ಪು ಫಲಕ, ಬಣ್ಣ ಬಳಿದ ಭಾಗ, ಕ್ರೋಮ್ ಪಟ್ಟಿ, ಪರದೆ, ತೊಗಲು ಇವುಗಳ ಮೇಲೆ ಒಂದೇ ಸಲ ಆಡಿಸಿದರೂ ಕೆಟ್ಟಂತೆಯೇ. ಇದನ್ನಾಗಲಿ ಸ್ಪಿರಿಟ್ಟನ್ನಾಗಲಿ ಮೊದಲು ಸೀಟಿನ ಮರೆಯಲ್ಲಿರುವ, ಯಾರಿಗೂ ಕಾಣದ ಮೂಲೆಯಲ್ಲಿ ಪರೀಕ್ಷಿಸುವುದು ಕಡ್ಡಾಯ.

ಬಿಸಿಯ ಚಿಕಿತ್ಸೆ

ಬಿಳಿಚಿದ ಗೀರಿಗೆ ಹೀಟ್ ಗನ್ ನಿಜವಾದ ಔಷಧ. ಬಿಸಿಗಾಳಿ ತಾಗಿದಾಗ ಹರಿದ ಸೂಕ್ಷ್ಮ ಅಂಚುಗಳು ಮೆತ್ತಗಾಗಿ ಒರಗುತ್ತವೆ, ಟೊಳ್ಳುಗಳು ಮುಚ್ಚಿಕೊಳ್ಳುತ್ತವೆ, ಬೆಳಕು ಚದುರುವುದು ನಿಂತು ಮೂಲ ಬಣ್ಣ ಮರಳುತ್ತದೆ. ಡಿಕ್ಕಿಯ ಅಂಚಿನ ಬಿಳಿ ಮಚ್ಚೆ ಕಣ್ಣೆದುರೇ ಕಪ್ಪಾಗುವುದನ್ನು ನೋಡಿದವರಿಗೆ ಈ ವಿಧಾನದ ಮೇಲೆ ಮೋಹ ಹುಟ್ಟುವುದು ಸಹಜ. ಆದರೆ ಅಂತರ ಬಹಳ ಕಡಿಮೆ. ಪಾಲಿಪ್ರೊಪಿಲೀನ್ ಸುಮಾರು 160ರಿಂದ 165 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಎಬಿಎಸ್ ಸುಮಾರು 105 ಡಿಗ್ರಿಗೇ ಬಿಗಿ ಕಳೆದುಕೊಳ್ಳುತ್ತದೆ; ಹೀಟ್ ಗನ್ನಿನ ಗಾಳಿ 300 ಡಿಗ್ರಿ ಮೀರಬಲ್ಲದು. ಗನ್ನನ್ನು ಕಡಿಮೆ ಬಿಸಿಗಿಟ್ಟು, ಒಂದು ಗೇಣು ದೂರ ಹಿಡಿದು, ಕೈ ನಿಲ್ಲಿಸದೆ ಆಡಿಸುತ್ತ ಕೆಲವೇ ಸೆಕೆಂಡು ತಾಗಿಸಿ ತೆಗೆಯಬೇಕು. ಆರಲು ಬಿಟ್ಟು ನೋಡಿ, ಬೇಕಿದ್ದರಷ್ಟೇ ಮತ್ತೊಮ್ಮೆ. ಬಣ್ಣ ಮರಳಿದ ಕ್ಷಣಕ್ಕೆ ನಿಲ್ಲಿಸದಿದ್ದರೆ ಗ್ರೇನ್ ಕರಗಿ ಜಾಗ ಹೊಳೆಯತೊಡಗುತ್ತದೆ. ತಲೆಗೂದಲು ಒಣಗಿಸುವ ಡ್ರೈಯರಿನ ಬಿಸಿ ತೀರ ಮೇಲಿನ ಬಿಳಿಚಿಗೆ ಸ್ವಲ್ಪ ಉಪಕಾರ ಮಾಡೀತು, ಕೆಡಿಸುವ ಭಯವೂ ಕಡಿಮೆ. ಕಿತ್ತುಹೋದ ವಸ್ತುವನ್ನಂತೂ ಯಾವ ಬಿಸಿಯೂ ತಂದುಕೊಡದು. ಉಗುರಾಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳದ ಗೀರು ಬಣ್ಣ ಪಡೆದರೂ ಗೀರಾಗಿಯೇ ಉಳಿಯುತ್ತದೆ.

ಫೋಮಿನ ಮೇಲಿನ ತೊಗಲಿಗೆ, ಲೇಪವಿರುವ ಭಾಗಕ್ಕೆ ಬಿಸಿ ಸಲ್ಲದು. ‘ಏರ್‌ಬ್ಯಾಗ್’ ಎಂದು ಬರೆದಿರುವ ಯಾವ ಹೊದಿಕೆಗೂ, ಅದರ ಸುತ್ತಮುತ್ತಲಿಗೂ ಬಿಸಿ, ಭರ್ತಿ, ಬಣ್ಣ ಯಾವುದೂ ಕೂಡದು. ಆ ಹೊದಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ ತೆಳುಗೊಳಿಸಿದ ಗೆರೆಗಳಿರುತ್ತವೆ, ಚೀಲ ಉಬ್ಬುವಾಗ ಅದು ಅಲ್ಲೇ ಹರಿಯಬೇಕು. ಭಾರತದಲ್ಲಿ 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ, ಮುಂದಿನ ಪ್ರಯಾಣಿಕನದು 2021ರಲ್ಲಿ ಸೇರಿತು. ಈಚಿನ ಎಲ್ಲ ಕಾರುಗಳಿಗೂ ಈ ಎಚ್ಚರ ಅನ್ವಯಿಸುತ್ತದೆ. ಸೀಟ್‌ಬೆಲ್ಟಿನ ಕೊಕ್ಕೆ ತರಚಿದ ಕಂಬದ ಹೊದಿಕೆಯಲ್ಲೂ ಪಕ್ಕದ ಪರದೆ ಏರ್‌ಬ್ಯಾಗಿನ ಗುರುತು ಇದೆಯೇ ಎಂದು ನೋಡಿಕೊಂಡೇ ಗನ್ ಹಿಡಿಯಬೇಕು.

ಮರೆಮಾಚುವ ದ್ರವಗಳು

ಡ್ಯಾಶ್‌ಬೋರ್ಡ್ ಪಾಲಿಷ್ ಎಂದು ಸಿಗುವ ಸಿಲಿಕೋನ್ ದ್ರವಗಳೂ ಮನೆಯ ಕೊಬ್ಬರಿ ಎಣ್ಣೆಯೂ ಮಾಡುವುದು ಒದ್ದೆ ಬೆರಳು ಮಾಡಿದ್ದನ್ನೇ: ಗೀರಿನ ತಗ್ಗು ತುಂಬಿ ಬೆಳಕಿನ ಚದುರುವಿಕೆ ತಗ್ಗಿಸುವುದು. ನೀರು ನಿಮಿಷದಲ್ಲಿ ಆರುತ್ತದೆ, ಇವು ಕೆಲವು ವಾರ ನಿಲ್ಲುತ್ತವೆ. ಹಳೆಯ ಕಾರು ಮಾರುವವರು ಒಳಾಂಗಣಕ್ಕೆ ಇದನ್ನು ಹಚ್ಚಿ ಮಿರಮಿರ ಮಾಡಿಡುವುದುಂಟು. ಕೊಳ್ಳುವವರು ಒಂದು ಮೂಲೆಯನ್ನು ಸೋಪುಬಟ್ಟೆಯಿಂದ ಒರೆಸಿ ನೋಡುವುದು ಒಳ್ಳೆಯದು. ಕೊಬ್ಬರಿ ಎಣ್ಣೆ ದೂಳನ್ನು ಹಿಡಿದುಕೊಂಡು ಕಂದುಗಟ್ಟುತ್ತದೆ, ಹಳತಾದರೆ ಮುಗ್ಗಲು ನಾತ ಬರುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಗಣಪತಿಯನ್ನು ತೆಗೆದಾಗ ಉಳಿಯುವ ಗೋಂದನ್ನು ಮೆತ್ತಗೆ ಮಾಡಲು ಮಾತ್ರ ಅದು ಹೇಳಿಮಾಡಿಸಿದ್ದು, ತಕ್ಷಣ ಸೋಪಿನಿಂದ ತೊಳೆದರೆ ಸರಿ. ಹೊಳಪಿನ ದ್ರವವನ್ನು ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಹಚ್ಚಿದರೆ ಮುಂದಿನ ಗಾಜಿನಲ್ಲಿ ಪ್ರತಿಫಲನ ಎದ್ದು ರಸ್ತೆ ಮಸುಕಾಗುತ್ತದೆ. ಸ್ಟೇರಿಂಗಿಗೆ, ಪೆಡಲ್ಲಿಗೆ ತಾಗಿದರೆ ಕೈಕಾಲು ಜಾರುತ್ತದೆ. ನೀರಿನಲ್ಲಿ ಬೆರೆಸಿದ, ಹೊಳಪಿಲ್ಲದ, ಅತಿನೇರಳೆ ಕಿರಣ ತಡೆಯುವ ಬಗೆಯನ್ನು ತೆಳ್ಳಗೆ ಹಚ್ಚಿ ಒಣಬಟ್ಟೆಯಿಂದ ಒರೆಸುವುದು ಮೇಲು.

ಕರಾವಳಿಯ ಕಾರುಗಳಲ್ಲಿ ಇನ್ನೊಂದು ತೊಂದರೆ ತರಚಿನೊಡನೆ ಬೆರೆಯುತ್ತದೆ. ಮಂಗಳೂರು, ಕಾರವಾರದಂಥ ತೇವದ ಹವೆಯಲ್ಲಿ ಮಖಮಲ್ ಲೇಪದ ಪಾಲಿಯುರೆಥೇನ್ ನೀರಿನಂಶದಿಂದ ಒಡೆದು ಅಂಟಂಟಾಗುತ್ತದೆ, ಉಗುರು ತಾಗಿದರೂ ಗೀರಾಗುತ್ತದೆ. ಇಂಥ ಲೇಪವನ್ನು ಉಳಿಸುವ ಪ್ರಯತ್ನ ವ್ಯರ್ಥ. ಸ್ಪಿರಿಟ್ಟಿನಿಂದ ಪೂರ್ತಿ ಒರೆಸಿ ತೆಗೆದು ಕೆಳಗಿನ ಗಟ್ಟಿ ಪ್ಲಾಸ್ಟಿಕ್ಕನ್ನೇ ಇಟ್ಟುಕೊಳ್ಳುವುದು ಎಷ್ಟೋ ನೆಮ್ಮದಿ.

ದುರಸ್ತಿ ಮತ್ತು ಬದಲಿ

ಪಿಯಾನೊ ಬ್ಲ್ಯಾಕ್ ಎನ್ನುವ ಹೊಳಪಿನ ಫಲಕಗಳಿಗೆ ಗ್ರೇನ್ ಇಲ್ಲದ್ದರಿಂದ ಅವನ್ನು ನಯವಾದ ಪ್ಲಾಸ್ಟಿಕ್ ಪಾಲಿಷಿನಿಂದ ಕೈಯಲ್ಲೇ ಉಜ್ಜಿ ಕೂದಲೆಳೆ ಗೀರು ತೆಗೆಯಬಹುದು. ಗ್ರೇನಿರುವ ಭಾಗದ ಆಳವಾದ ಗಾಯಕ್ಕೆ ಡೀಟೇಲಿಂಗ್ ಕೆಲಸಗಾರರು ಬೇರೆ ದಾರಿ ಹಿಡಿಯುತ್ತಾರೆ: ಗಾಯವಿಲ್ಲದ ಕಡೆಯ ಗ್ರೇನನ್ನು ಸಿಲಿಕೋನಿನಲ್ಲಿ ಅಚ್ಚು ತೆಗೆದು, ಗಾಯವನ್ನು ಭರ್ತಿ ಮಾಡಿ ಬಿಸಿಗೆ ಮೆತ್ತಗಾದಾಗ ಅದರ ಮೇಲೆ ಒತ್ತಿ, ಹೊಳಪಿಲ್ಲದ ಬಣ್ಣ ಸಿಂಪಡಿಸುತ್ತಾರೆ. ಕೈಚಳಕದ ಕೆಲಸ ಇದು, ಚೆನ್ನಾಗಿ ಮಾಡುವವರು ಗೌರವಕ್ಕೆ ಅರ್ಹರು. ಪಾಲಿಪ್ರೊಪಿಲೀನಿನ ಮೇಲ್ಮೈ ಅಂಟನ್ನೂ ಬಣ್ಣವನ್ನೂ ಸುಲಭವಾಗಿ ಹಿಡಿಯುವುದಿಲ್ಲ. ಹಿಡಿಸುವ ಪ್ರೈಮರನ್ನು ಮೊದಲು ಬಳಿಯದಿದ್ದರೆ ಬಣ್ಣ ಕೆಲವೇ ತಿಂಗಳಲ್ಲಿ ಹಾಳೆಯಾಗಿ ಏಳುತ್ತದೆ.

ಹೊಸ್ತಿಲ ಪಟ್ಟಿ, ಡಿಕ್ಕಿಯ ಅಂಚು, ಸ್ಟೇರಿಂಗ್ ಕಂಬದ ಕೆಳಹೊದಿಕೆ ಮುಂತಾದ ಸಣ್ಣ ಭಾಗಗಳಿಗೆ ಇಷ್ಟು ಖರ್ಚು ಮಾಡುವುದಕ್ಕಿಂತ ಬದಲಾಯಿಸುವುದು ಲೇಸು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಹೊಸದು ಸಿಗದಿದ್ದರೂ ಕಳಚಿದ ಕಾರುಗಳ ಹಳೆಯ ಭಾಗ ಹುಡುಕಬಹುದು. ಇವು ಹೆಚ್ಚಾಗಿ ಕ್ಲಿಪ್ಪುಗಳ ಮೇಲೆ ಕೂತಿರುತ್ತವೆ. ಸ್ಕ್ರೂಡ್ರೈವರಿನಿಂದ ಮೀಟಿದರೆ ಅಕ್ಕಪಕ್ಕಕ್ಕೆ ಹೊಸ ಗೀರು ಖಚಿತ, ಪ್ಲಾಸ್ಟಿಕ್ ಮೀಟುಗೋಲು ಬಳಸಿ ಕ್ಲಿಪ್ಪಿನ ಹತ್ತಿರದಲ್ಲೇ ಎತ್ತಬೇಕು. ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿದ ಹಳೆಯ ಪ್ಲಾಸ್ಟಿಕ್ಕಿನ ಬಣ್ಣ ಮಾಸಿರುತ್ತದೆ. ಎಡಬಲ ಜೋಡಿಯಾಗಿರುವ ಭಾಗಗಳಲ್ಲಿ ಒಂದನ್ನೇ ಹೊಸದಾಗಿ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುವುದರಿಂದ ಎರಡನ್ನೂ ಒಟ್ಟಿಗೆ ಬದಲಿಸುವುದು ವಾಡಿಕೆ.